ಎರಡು ಆರು ಗಂಟೆಗಳ ನಡುವೆ

ಅಕ್ಟೋಬರ್ 6, 1998, ಮಂಗಳವಾರ

ಬೆಳಿಗ್ಗೆ 9.20ಕ್ಕೆ ನ್ಯೂಯಾರ್ಕಿನಿಂದ ಥ್ಯಾಡ್ ಫೋನ್ ಮಾಡಿದ. ಪ್ರಕಾಶನದಲ್ಲಿ ನನ್ನ ಪುಸ್ತಕಗಳನ್ನು ನೋಡಿಕೊಳ್ಳುವವನು. ವಯಸ್ಸು ನನ್ನ ಅರ್ಧದಷ್ಟು, ಮಾತು ಮಾತ್ರ ನನ್ನನ್ನು ಎತ್ತಿ ಆಡಿಸಿದವನ ಹಾಗೆ. ‘ಕಾವಲಿಲ್ಲದ ಬಾಗಿಲು’ ಹೊರಬಂದು ಬರುವ ವರ್ಷಕ್ಕೆ ಇಪ್ಪತ್ತೈದು ತುಂಬುತ್ತದೆ. ಹೊಸ ಮುದ್ರಣ ತರುತ್ತಾರಂತೆ, ನಾನೊಂದು ಮುನ್ನುಡಿ ಬರೆಯಬೇಕಂತೆ.

“ಸ್ವಲ್ಪ ಕಣ್ಣೀರು ಇರ್ಲಿ ಸರ್. ಜಾಸ್ತಿ ಬೇಡ.”

“ಕಣ್ಣೀರು ಬೇಕಾದ್ರೆ ಈರುಳ್ಳಿ ಹೆಚ್ಚಯ್ಯಾ,” ಎಂದೆ.

ಏಳು ಪುಸ್ತಕ ಬರೆದಿದ್ದೇನೆ. ಏಳರಲ್ಲೂ ಯಾರೋ ಒಬ್ಬ ದೊಡ್ಡ ಮನುಷ್ಯನ ಹೆಣ ಬಿದ್ದಿದೆ. ಅಧ್ಯಕ್ಷರಾಗಿದ್ದ ಲಿಂಕನ್, ಗಾರ್ಫೀಲ್ಡ್, ಮೆಕಿನ್ಲೆ ಕೊಲೆಗಳ ಮೇಲೆ ಬರೆಯದ ಇತಿಹಾಸಕಾರ ಈ ದೇಶದಲ್ಲಿ ಯಾರಿದ್ದಾನೆ? ಆ ಸಾಲಿನಲ್ಲಿ ನಾನೂ ನಿಂತೆ, ಯಾರೂ ತಿರುಗಿ ನೋಡಲಿಲ್ಲ. ನನಗೆ ಹೆಸರು ತಂದುಕೊಟ್ಟದ್ದು ಎಲ್ಲರೂ ಮರೆತಿದ್ದ ಒಂದು ಕೊಲೆ. 1889ರ ಅಕ್ಟೋಬರಿನಲ್ಲಿ, ನಮ್ಮ ಒಹಾಯೋದ ಟಿಫ್ಟನ್ ಫಾಲ್ಸ್ ರೈಲು ನಿಲ್ದಾಣದಲ್ಲಿ, ಗವರ್ನರ್ ಚುನಾವಣೆಗೆ ನಿಂತಿದ್ದ ಆಸಾ ಹೋಲ್ಕಂ ಗುಂಡು ತಿಂದು ಬಿದ್ದ. ನಿಲ್ದಾಣದ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ಊರ ಪೊಲೀಸು, ಎಬೆನ್ ಟ್ರಸ್ಕಾಟ್ ಎಂಬವನು, ಪಾಳಿ ಮುಗಿಯುವ ಮೊದಲೇ ಜಾಗ ಬಿಟ್ಟಿದ್ದ. ಪುಟ 212ರ ನನ್ನ ವಾಕ್ಯ ಶಾಲೆಯ ಪಠ್ಯದಲ್ಲೂ ಸೇರಿತು: “ಒಂದು ತಟ್ಟೆ ಬೀನ್ಸಿಗಾಗಿ ಕಾವಲಿನವನು ಬಾಗಿಲು ಬಿಟ್ಟು ಹೋದ, ಆ ಬಾಗಿಲಿನಿಂದ ಸಾವು ಒಳಗೆ ಬಂತು.” ಈಗ ಓದಿದರೂ ಒಂದು ಅಕ್ಷರ ಆಚೀಚೆ ಮಾಡಬೇಕು ಅನ್ನಿಸುವುದಿಲ್ಲ.

ಮಧ್ಯಾಹ್ನ 2.10ಕ್ಕೆ ಅಂಚೆ ಬಂತು. ಟಿಫ್ಟನ್ ಫಾಲ್ಸ್ ಇತಿಹಾಸ ಸಂಘದವರು ಆ ಹಳೆಯ ನಿಲ್ದಾಣದ ಗೋಡೆಗೆ ಕಂಚಿನ ಫಲಕ ಹಾಕುತ್ತಾರೆ. ಫಲಕದ ಮೇಲೆ ನನ್ನದೇ ವಾಕ್ಯ. ಡಿಸೆಂಬರ್ 5ಕ್ಕೆ ಅನಾವರಣ, ಮುಖ್ಯ ಅತಿಥಿ ನಾನು. ಕಾಗದದ ಮೇಲಿನದು ಕಂಚಿಗೆ ಏರುವ ಯೋಗ ಎಷ್ಟು ಜನಕ್ಕಿದೆ? ನನ್ನ ಹೆಂಡತಿ ಎನಿಡ್ ಇದ್ದಿದ್ದರೆ “ತಲೆ ಬಾಗಿಲಿಗೆ ತಾಗೀತು, ಬಗ್ಗಿ ಬನ್ನಿ” ಅನ್ನುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು.

ಅಕ್ಟೋಬರ್ 13, ಮಂಗಳವಾರ

ಒಂದು ಕಾಗದ. ಬರೆದವಳು ವರ್ನಾ ಪೀಬಡಿ, ಟಿಫ್ಟನ್ ಫಾಲ್ಸಿನವಳು, ವಯಸ್ಸು ಎಪ್ಪತ್ತನಾಲ್ಕು. ಎಬೆನ್ ಟ್ರಸ್ಕಾಟನ ಮೊಮ್ಮಗಳಂತೆ. ಫಲಕ ಹಾಕುವುದನ್ನು ನಾನು ತಡೆಯಬೇಕಂತೆ.

ಅವಳ ಅಜ್ಜ ಆ ಘಟನೆಯ ಮೇಲೂ ಇಪ್ಪತ್ತೆರಡು ವರ್ಷ ಅದೇ ಊರಲ್ಲಿ ಪೊಲೀಸನಾಗಿದ್ದನಂತೆ. ಬದುಕಿರುವ ತನಕ ಅವನ ಮೇಲೆ ಯಾರೂ ಒಂದು ಮಾತು ಆಡಿದ್ದಿಲ್ಲವಂತೆ. ನನ್ನ ಪುಸ್ತಕ ಬಂದಾಗ ಅವನ ಮಗ, ಎಂದರೆ ಇವಳ ತಂದೆ ಆರ್ಲೋ, ಎಂಬತ್ತು ವರ್ಷದ ಬಡಗಿ. ಶಾಲೆಯ ಮಕ್ಕಳು ಪಾಠ ಓದಿ ಬಂದು ಅವನ ಮನೆಯ ಜಗಲಿಯ ಮೇಲೆ ಬೀನ್ಸ್ ಡಬ್ಬಿ ಇಟ್ಟು ಓಡುತ್ತಿದ್ದರಂತೆ. ಮೂರು ವರ್ಷ ಇಟ್ಟರಂತೆ, ಅವನು ಸಾಯುವ ತನಕ.

ಮಕ್ಕಳು ಮಕ್ಕಳೇ. ಅದಕ್ಕೆ ನಾನೇನು ಮಾಡಲಿ? ಪ್ರತಿ ಪುಸ್ತಕಕ್ಕೂ ಇಂಥ ಕಾಗದ ನಾಲ್ಕಾರು ಬರುತ್ತವೆ. ಹಂತಕನ ತಂಗಿಯ ಮರಿಮಗ, ಶವಪೆಟ್ಟಿಗೆ ಮಾಡಿದವನ ಮೊಮ್ಮಗ, ಎಲ್ಲರಿಗೂ ತಮ್ಮವರು ಚಿನ್ನ. ಮೊಮ್ಮಗಳ ಪ್ರೀತಿ ಸಾಕ್ಷ್ಯವಲ್ಲ.

ಎರಡು ಸಾಲಿನ ಉತ್ತರ ಹಾಕಿದೆ: ಲಿಖಿತ ಆಧಾರವಿದ್ದರೆ ಕಳುಹಿಸಿ, ಪರಿಶೀಲಿಸುತ್ತೇನೆ. 4.35ಕ್ಕೆ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಅವಳ ಹತ್ತಿರ ಏನೂ ಇರುವುದಿಲ್ಲ.

ಅಕ್ಟೋಬರ್ 20

ಮುನ್ನುಡಿ ಒಂದು ಪುಟ ಆಯಿತು, ಹರಿದೆ. ಮೊದಲ ಸಾಲಲ್ಲೇ ಬೀನ್ಸ್ ಬರುತ್ತದೆ, ಕೂಡಲೇ ಆ ಡಬ್ಬಿಗಳೂ ಬಂದು ಕೂರುತ್ತವೆ.

ಅಕ್ಟೋಬರ್ 25, ಭಾನುವಾರ

ಚಳಿಗಾಲಕ್ಕೆಂದು ದೇಶವೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ನಾನು ತಿರುಗಿಸಿದ್ದೆ. ಮೂಲೆಯ ಹೋಟೆಲಿನ ಡೊರೀನ್ ತಿರುಗಿಸಿರಲಿಲ್ಲ. ನನ್ನದು ಇತಿಹಾಸದ ಡಾಕ್ಟರೇಟು, ಬರೆಯುವುದು ಕೊಲೆಗಳ ಮೇಲೆ ಎಂದು ಗೊತ್ತಾದ ಹದಿನೈದು ವರ್ಷದಿಂದ ಅವಳು ನನ್ನನ್ನು ಮಾತನಾಡಿಸುವುದು ಒಂದೇ ರೀತಿ.

“ಏನ್ ಡಾಕ್ಟ್ರೇ, ಇವತ್ತು ಯಾರ್ ಸತ್ರು?”

“ಇನ್ನೂ ಯಾರೂ ಇಲ್ಲ. ಮೊಟ್ಟೆ ತಡವಾದ್ರೆ ನಾನೇ. ಎಂಟಕ್ಕೆ ಬಾಗಿಲು ತೆಗಿಯೋದಲ್ವಾ? ಒಂದು ಗಂಟೆ ಮೊದಲೇ ತೆಗೆದಿದ್ದೀಯಲ್ಲ.”

“ನಾನು ಎಂಟಕ್ಕೇ ತೆಗ್ದಿದ್ದು. ಅಡಿಗೆಯವ್ನು ಬಂದಿಲ್ಲ, ಅವನೂ ಎಂಟಕ್ಕೇ ಬರ್ತಾನೆ. ಅವನ್ದು ಹೊಸ ಎಂಟು, ನಂದು ಹಳೇ ಎಂಟು. ಬೈಯ್ಯೋಣ ಅಂದ್ರೆ ಇಬ್ರೂ ಸರಿಯಾದ ಟೈಮಿಗೇ ಬಂದಿದೀವಿ!” ಎಂದು ನಕ್ಕಳು. “ನೀವು ಕೂತ್ಕೊಳಿ. ಮಧ್ಯದಲ್ಲಿ ಸಿಕ್ಕಿದೋರಿಗೆ ಬರೀ ಕಾಫಿ.”

ಕಾಫಿ ಕುಡಿಯಲಾಗಲಿಲ್ಲ. ಟ್ರಸ್ಕಾಟನ ಪಾಳಿ ನೆನಪಾಯಿತು. ಆ ಕಾಲದಲ್ಲಿ ರೈಲಿನವರದೇ ಒಂದು ಗಂಟೆ, ಸೂರ್ಯನನ್ನು ನೋಡಿ ಹಿಡಿಯುವ ಊರಿನದೇ ಇನ್ನೊಂದು ಗಂಟೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನಲವತ್ತು ವರ್ಷ ಕಾಲೇಜಿನಲ್ಲಿ ಇದನ್ನೇ ಪಾಠ ಹೇಳಿದವನು ನಾನು. ಹುಡುಗರಿಗೆ ಪರೀಕ್ಷೆಯಲ್ಲಿ ಪ್ರಶ್ನೆಯೂ ಹಾಕಿದ್ದೆ.

ಟಿಫ್ಟನ್ ಫಾಲ್ಸಿನಲ್ಲಿ 1889ರಲ್ಲಿ ಎರಡೂ ಇದ್ದವೇ? ಇರಲಾರವು. ಇದ್ದಿದ್ದರೆ ಯಾರಾದರೂ ಬರೆದಿರುತ್ತಿದ್ದರು.

ಅಕ್ಟೋಬರ್ 27, ಮಂಗಳವಾರ

ಎರಡು ದಿನದಿಂದ ಅಟ್ಟದ ಪೆಟ್ಟಿಗೆಗಳ ನಡುವೆ ಕೂತಿದ್ದೇನೆ. ನನ್ನ ಟಿಪ್ಪಣಿ ಕಾರ್ಡುಗಳೆಲ್ಲ ಅಲ್ಲಿವೆ, ಒಂದೊಂದು ಸಂಗತಿಗೆ ಒಂದೊಂದು ಕಾರ್ಡು. ನನ್ನ ಲೆಕ್ಕ ನಿಂತಿದ್ದು ಮೂರು ಕಾರ್ಡಿನ ಮೇಲೆ. ಒಂದು, ನಿಲ್ದಾಣದ ದಿನಪುಸ್ತಕ: ಗುಂಡು ಹಾರಿದ್ದು 5.45ಕ್ಕೆ. ಎರಡು, ಪೊಲೀಸರ ಪಾಳಿಪಟ್ಟಿ: ಟ್ರಸ್ಕಾಟನ ಪಾಳಿ ಆರರವರೆಗೆ. ಮೂರು, ಊಟದ ಮನೆ ನಡೆಸುತ್ತಿದ್ದ ಹೆಂಗಸಿನ ಹೇಳಿಕೆ: “ಗುಂಡಿನ ಸದ್ದು ಕೇಳಿದಾಗ ಎಬೆನ್ ನನ್ನ ಮೇಜಿನಲ್ಲಿ ಬೀನ್ಸ್ ತಿನ್ನುತ್ತಿದ್ದ.” ಮೂರನ್ನೂ ಸಾಲಾಗಿಟ್ಟರೆ ಮನುಷ್ಯ ಕಾಲು ಗಂಟೆ ಮೊದಲೇ ಜಾಗ ಬಿಟ್ಟಿದ್ದ. ಮಗುವೂ ಮಾಡುವ ಲೆಕ್ಕ.

ಒಂದನೆಯದು ರೈಲಿನ ಗಡಿಯಾರ. ಎರಡನೆಯದು ಯಾರ ಗಡಿಯಾರ?

ಸಂಜೆ ಹಸ್ತಪ್ರತಿಯ ಕಾರ್ಬನ್ ಪ್ರತಿ ಸಿಕ್ಕಿತು. ನನ್ನ ಪುಸ್ತಕಗಳನ್ನೆಲ್ಲ ಟೈಪು ಮಾಡಿದವಳು ಎನಿಡ್. ಪುಟ 212 ಆದ ಆ ಹಾಳೆಯ ಅಂಚಿನಲ್ಲಿ ಅವಳ ಪೆನ್ಸಿಲ್, ಸಣ್ಣಕ್ಕೆ: “ಯಾವ ಗಡಿಯಾರ, ಲೊವೆಲ್?”

ಅದರ ಕೆಳಗೆ ನನ್ನ ಕೆಂಪು ಶಾಯಿ: “ವಾಕ್ಯ ಕೆಡುತ್ತೆ. ಬಿಡು.”

ಬರೆದದ್ದು ನೆನಪಿಲ್ಲ. ಅಕ್ಷರ ನನ್ನದೇ.

ನವೆಂಬರ್ 2

ಏನೂ ಬರೆಯುವುದಿಲ್ಲ.

ನವೆಂಬರ್ 5, ಗುರುವಾರ

ಕಾರು ಹತ್ತಿ ಟಿಫ್ಟನ್ ಫಾಲ್ಸಿಗೆ ಹೋಗಿ ಬಂದೆ. ಎರಡೂವರೆ ಗಂಟೆಯ ದಾರಿ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಕೋರ್ಟಿನ ನೆಲಮಾಳಿಗೆಯಲ್ಲಿ ಆರು ವಾರ ಕೂತಿದ್ದೆ. ಆಗ ನೋಡಿದ್ದು ಕೊಲೆಯ ಕಡತ ಒಂದನ್ನೇ. ಊರ ಸಭೆಯ ನಡವಳಿ ಪುಸ್ತಕ ಪಕ್ಕದ ಕಪಾಟಿನಲ್ಲಿತ್ತು. ಚರಂಡಿ, ಬೀದಿ ದೀಪ, ಹಂದಿ ಕಾಟ, ಅದನ್ನೆಲ್ಲ ಯಾರು ಓದುತ್ತಾರೆ ಎಂದು ಮುಟ್ಟಿರಲಿಲ್ಲ.

ಇವತ್ತು ಓದಿದೆ. 1884ರ ಮಾರ್ಚಿನ ನಡವಳಿ. ರೈಲಿನವರು ತಮ್ಮ ಗಂಟೆಯನ್ನು ಊರಿಗೆಲ್ಲ ಹೇರಲು ನೋಡಿದಾಗ ಸಭೆ ಸೇರಿ, ದೇವರು ಕೊಟ್ಟ ಸೂರ್ಯನನ್ನು ಬಿಟ್ಟು ಕಂಪನಿಯ ಗಡಿಯಾರಕ್ಕೆ ಏಳುವವರು ನಾವಲ್ಲ, ಕೋರ್ಟಿನ ಗಡಿಯಾರ ಮೊದಲಿನಂತೆಯೇ ನಡೆಯತಕ್ಕದ್ದು ಎಂದು ತೀರ್ಮಾನಿಸಿದ್ದಾರೆ. ಹನ್ನೊಂದು ವರ್ಷ ಹಟ ಹಿಡಿದಿದ್ದಾರೆ. ಆ ಹನ್ನೊಂದು ವರ್ಷ ಊರ ಗಂಟೆ ರೈಲಿನ ಗಂಟೆಗಿಂತ ಇಪ್ಪತ್ತೆಂಟು ನಿಮಿಷ ಮುಂದೆ.

ಪೊಲೀಸರ ಸಂಬಳ, ಪಾಳಿ, ರಜೆ ಎಲ್ಲ ಕೋರ್ಟಿನ ಗಡಿಯಾರದ ಪ್ರಕಾರ. ನಿಲ್ದಾಣದಲ್ಲಿ 5.45 ಆಗಿದ್ದಾಗ ಊರಲ್ಲಿ 6.13. ಟ್ರಸ್ಕಾಟ್ ಆರು ಹೊಡೆಯುವ ತನಕ ಬಾಗಿಲಲ್ಲಿ ನಿಂತಿದ್ದು, ಆಮೇಲೆ ನಡೆದುಹೋಗಿ, ಊಟಕ್ಕೆ ಕೂತಿದ್ದಾರೆ. ಆರಕ್ಕೆ ಜಾಗಕ್ಕೆ ಬರಬೇಕಾಗಿದ್ದವನು ರೈಲು ಕಂಪನಿಯ ಕಾವಲುಗಾರ, ಯೋಸ್ಟ್ ಎಂಬವನು. ಅವನು ರೈಲಿನ ಆರಕ್ಕೆ ಸರಿಯಾಗಿ ಬಂದಿದ್ದಾನೆ. ಎರಡು ಆರು ಗಂಟೆಗಳ ನಡುವೆ ಇಪ್ಪತ್ತೆಂಟು ನಿಮಿಷ ಬಾಗಿಲಲ್ಲಿ ಯಾರೂ ಇಲ್ಲ. ದಿನವೂ ಇರುತ್ತಿರಲಿಲ್ಲ. ಯಾರ ತಪ್ಪೂ ಅಲ್ಲ.

ಅಂದಿನ ವಿಚಾರಣೆಯಲ್ಲಿ ಟ್ರಸ್ಕಾಟರನ್ನು ಯಾರೂ ಒಂದು ಪ್ರಶ್ನೆ ಕೇಳಿಲ್ಲ. ಮುಚ್ಚಿಹಾಕಿದ್ದಾರೆ ಎಂದು ನಾನು ಪುಸ್ತಕದಲ್ಲಿ ಅರ್ಧ ಅಧ್ಯಾಯ ಬರೆದಿದ್ದೆ. ಮುಚ್ಚುವಂಥದ್ದು ಏನಿತ್ತು? ಊರಿನ ಪ್ರತಿಯೊಬ್ಬನಿಗೂ ಗೊತ್ತಿದ್ದ ಸಂಗತಿ, ಆದ್ದರಿಂದ ಯಾರೂ ಬರೆದಿಡಲಿಲ್ಲ. ಎಲ್ಲರಿಗೂ ಗೊತ್ತಿದ್ದುದೇ ಮೊದಲು ಕಳೆದುಹೋಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ನಾಚಿಕೆಯಾಗುತ್ತದೆ. ಬೇರೆ ಪದ ಹುಡುಕಿದೆ, ಇಲ್ಲ.

ನವೆಂಬರ್ 9, ಸೋಮವಾರ

ಥ್ಯಾಡ್‌ಗೆ ಎಲ್ಲ ಹೇಳಿದೆ. ಆಮೇಲೆ ಅವನ ಉತ್ಸಾಹ ನೋಡಬೇಕಿತ್ತು.

“ಸರ್, ಇದು ಇನ್ನೂ ಚೆನ್ನಾಗಿದೆ! ಲೇಖಕರೇ ತಮ್ಮ ಪುಸ್ತಕ ಒಡೆದು ಕಟ್ತಾರೆ! ಹಾಗಾದ್ರೆ ತಪ್ಪು ಯಾರ್ದು? ಆ ಎರಡನೆಯವನ್ದು ತಾನೆ?”

“ಯಾರದೂ ಅಲ್ಲ.”

“ಹಾಗಂದ್ರೆ ಹೇಗೆ ಸರ್? ಕಥೆಗೆ ಒಬ್ಬ ಬೇಕಲ್ಲ. ಆ ಯೋಸ್ಟ್ ಅರ್ಧ ಗಂಟೆ ಮೊದ್ಲೇ ಬರ್ಬೋದಿತ್ತು. ಎಲ್ಲಿದ್ದ ಅವನು? ಸ್ವಲ್ಪ ಹುಡುಕಿ ನೋಡಿ.”

ಬೈದು ಫೋನ್ ಇಟ್ಟೆ. ಇಟ್ಟವನು ಏನು ಮಾಡಿದೆ? ಮೇಜಿಗೆ ಕೂತು ಯೋಸ್ಟನ ಕಾರ್ಡು ತೆಗೆದೆ. ಅವನಿಗೆ ಕುಡಿಯುವ ಚಟ ಇತ್ತೆಂದು ಎಲ್ಲೋ ಒಂದು ಸಾಲಿತ್ತು. ಕೈ ತಾನಾಗಿ ಬರೆಯತೊಡಗಿತು: “ಆ ಸಂಜೆ ಅವನ ಜೇಬಿನಲ್ಲಿ ಗಡಿಯಾರವಿತ್ತು, ಕೈಯಲ್ಲಿ ಲೋಟವಿತ್ತು.” ಎಂಥ ಚೆಂದದ ಸಾಲು! ಐದು ನಿಮಿಷವೂ ಹಿಡಿಯಲಿಲ್ಲ. ಲೋಟ ಎಲ್ಲಿಂದ ಬಂತು? ನಾನೇ ಕೊಟ್ಟೆ.

ಯೋಸ್ಟನಿಗೂ ಮೊಮ್ಮಕ್ಕಳಿರುತ್ತಾರೆ. ಹಾಳೆಯನ್ನು ಒಲೆಗೆ ಹಾಕಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ.

ನವೆಂಬರ್ 13, ಶುಕ್ರವಾರ

ಇತಿಹಾಸ ಸಂಘದ ಅಧ್ಯಕ್ಷ ಕ್ಲೈಡ್ ನೈ ಅವರಿಗೆ ಫೋನ್ ಮಾಡಿ ಫಲಕ ನಿಲ್ಲಿಸಿ ಎಂದೆ. ಬಹಳ ಸಭ್ಯ ಮನುಷ್ಯ, ಔಷಧಿ ಅಂಗಡಿ ನಡೆಸಿ ನಿವೃತ್ತರಾದವರು. ಎರಡು ಗಡಿಯಾರದ ವಿಷಯ ಪೂರ್ತಿ ಕೇಳಿಸಿಕೊಂಡರು.

“ಎರಕ ಹೊಯ್ದಾಯ್ತಲ್ಲ ಡಾಕ್ಟ್ರೇ. ಕಂಚು. ಅಳಿಸೋಕೆ ಬರಲ್ಲ.”

“ಹಾಕ್ಬೇಡಿ ಹಾಗಾದ್ರೆ.”

“ರಾಜ್ಯದಿಂದ ಒಪ್ಪಿಗೆ ಬಂದಿದ್ದು ಆ ಬರಹಕ್ಕೆ. ಆಧಾರ ಏನು ಅಂತ ಕೇಳಿದ್ರು. ನಿಮ್ಮ ಪುಸ್ತಕ ಕಳ್ಸಿದ್ವಿ. ಈಗ ಬದಲಾಯಿಸ್ಬೇಕು ಅಂದ್ರೆ ಬೇರೆ ಪುಸ್ತಕ ತೋರಿಸ್ಬೇಕು.”

“ಬರೆದೋನು ನಾನೇ ಹೇಳ್ತಿದೀನಲ್ರೀ!”

“ನೀವು ಫೋನಲ್ಲಿ ಹೇಳ್ತಿದೀರಿ. ಅದು ಅಚ್ಚಾಗಿದೆ,” ಎಂದರು. ತಮಾಷೆ ಮಾಡಲಿಲ್ಲ, ನಿಜವಾಗಿ ನನಗಾಗಿ ನೊಂದುಕೊಂಡರು. “ಹೊಸ ಮುದ್ರಣ ಬರ್ಲಿ. ಮತ್ತೆ ಅರ್ಜಿ ಹಾಕೋಣ. ಎರಡು ವರ್ಷದಲ್ಲಿ ಆಗ್ಬೋದು. ಈಗ ಮಾತ್ರ ನೀವು ಬರೋದು ತಪ್ಪಿಸ್ಬೇಡಿ, ಹೈಸ್ಕೂಲಿನ ಬ್ಯಾಂಡೂ ಬರತ್ತೆ.”

ನಲವತ್ತು ವರ್ಷ ನಾನು ಇದನ್ನೇ ಬೋಧಿಸಿದ್ದು: ಬಾಯಿಮಾತು ನಂಬಬೇಡಿ, ಅಚ್ಚಾದದ್ದನ್ನು ತೋರಿಸಿ.

ನವೆಂಬರ್ 21, ಶನಿವಾರ

ವರ್ನಾ ಪೀಬಡಿಯವರ ಮನೆಗೆ ಹೋಗಿದ್ದೆ. ಮೊದಲೇ ಕಾಗದ ಬರೆದು ಕೇಳಿದ್ದೆ. “ಬರಬಹುದು” ಎಂದು ಒಂದೇ ಪದದ ಉತ್ತರ ಬಂದಿತ್ತು. ಅವರ ತಂದೆ ಆರ್ಲೋ ಕಟ್ಟಿದ ಮನೆ ಅದು. ಜಗಲಿ ದಾಟುವಾಗ ಡಬ್ಬಿಗಳನ್ನು ಎಲ್ಲಿ ಇಡುತ್ತಿದ್ದರೋ ಎಂದು ನೋಡುತ್ತಾ ನಿಂತುಬಿಟ್ಟೆ.

ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಎತ್ತರದ ಹೆಂಗಸು, ಕೌಂಟಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದ ದಪ್ಪ ಮಣಿಕಟ್ಟು.

“ಮಿಸೆಸ್ ಪೀಬಡಿ, ನಾನು ತಪ್ಪು ಬರೆದೆ.”

“ಎಷ್ಟನೇ ಪುಟದಲ್ಲಿ?”

“ಇನ್ನೂರ ಹನ್ನೆರಡು.”

“ನಂಗೊತ್ತು. ನಿಮ್ಗೆ ಗೊತ್ತಾ ಅಂತ ನೋಡ್ದೆ.”

ಎರಡು ಲೋಟ ಎದುರಿಗಿಟ್ಟುಕೊಂಡು, ಇದು ಊರ ಗಡಿಯಾರ, ಇದು ರೈಲಿನದು ಎಂದು ವಿವರಿಸತೊಡಗಿದೆ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದರು.

“ರೈಲ್ ಗಂಟೆ, ಊರ್ ಗಂಟೆ. ನಮ್ಮಜ್ಜಿ ಸಾಯೋವರ್ಗೂ ಹಾಗೇ ಹೇಳೋರು. ‘ಮೂರಕ್ಕೆ ಬಾ’ ಅಂದ್ರೆ ‘ಯಾವ ಮೂರಜ್ಜಿ?’ ಅಂತ ನಾವು ಆಡ್ಕೊಳ್ತಿದ್ವಿ. ನಿಮ್ಮ ಪುಸ್ತಕದಲ್ಲಿರೋದು ರೈಲ್ ಗಂಟೆ ಅಂತ ಮಾತ್ರ ಯಾರಿಗೂ ಹೊಳೀಲಿಲ್ಲ. ಇಷ್ಟೇನಾ ವಿಷ್ಯ?”

“ಇಷ್ಟೇ.”

“ಕೇಳಿದ್ರೆ ನಾನೇ ಹೇಳ್ತಿದ್ನಲ್ಲ ಪ್ರೊಫೆಸರೇ! ನೀವು ಕೋರ್ಟಲ್ಲಿ ಆರು ವಾರ ಕೂತಿದ್ರಂತೆ. ನಮ್ಮಪ್ಪ ಅಲ್ಲಿಂದ ನಾಲ್ಕು ಬೀದಿ ಆಚೆ, ಇದೇ ಕುರ್ಚೀಲಿ ಕೂತಿದ್ರು. ಬಾಗ್ಲು ತಟ್ಟೋಕೆ ಆಗ್ಲಿಲ್ವಾ?”

ಸಂಬಂಧಿಕರ ನೆನಪುಗಳನ್ನು ನಾನು ನಂಬುತ್ತಿರಲಿಲ್ಲ ಎಂದೆ.

“ನಮ್ಮಪ್ಪ ಮಾತ್ರ ನಿಮ್ಮನ್ನ ನಂಬಿದ್ರು.”

“ಅಂದ್ರೆ?” ಎಂದೆ.

“ಡಬ್ಬಿ ಇಟ್ಟಿದ್ದಕ್ಕೆ ನೊಂದ್ಕೊಂಡ್ರು ಅಂದ್ಕೊಂಡ್ರಾ? ಅದನ್ನ ತಗೊಂಡು ಬಂದು ಇಲ್ಲೇ ಒಲೆ ಮೇಲಿಟ್ಟು ತಿಂತಿದ್ರು. ‘ದಂಡ ಮಾಡ್ಬಾರ್ದು ವರ್ನಾ’ ಅನ್ನೋರು. ಅವ್ರನ್ನ ತಿಂದಿದ್ದು ಅದಲ್ಲ. ಓದಿದೋರು ಬರ್ದಿದಾರೆ, ಅಡಿಟಿಪ್ಪಣಿ ಹಾಕಿದಾರೆ, ಸುಳ್ಳು ಇರತ್ತಾ ಅಂದ್ರು. ಎಂಬತ್ತು ವರ್ಷ ದೇವ್ರು ಅಂದ್ಕೊಂಡಿದ್ದ ಅಪ್ಪನ್ನ ಒಂದು ವಾರದಲ್ಲಿ ಬಿಟ್ಬಿಟ್ರು. ಪ್ರತಿ ಮೇ ತಿಂಗ್ಳು ಗೋರಿಗೆ ಹೂ ಇಡೋಕೆ ಹೋಗೋರು. ಪುಸ್ತಕ ಬಂದ್ಮೇಲೆ ಹೋಗ್ಲಿಲ್ಲ. ಅಜ್ಜನ ಪಕ್ಕದಲ್ಲಿ ಅವರಿಗೇ ಅಂತ ಜಾಗ ಇತ್ತು, ಕಲ್ಲಿನ ಮೇಲೆ ಹೆಸರೂ ಕೆತ್ತಿತ್ತು. ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು, ಅಲ್ಲಿ ಬೇಡ ಅಂದ್ರು. ಅಲ್ಲಿ ಮಾತ್ರ ಇಡ್ಬೇಡ. ಬೆಟ್ಟದ ಆಚೆ, ಮೆಥಡಿಸ್ಟ್ ಚರ್ಚಿನವ್ರ ಗೋರಿಗಳ ಹತ್ರ ಇಟ್ಟಿದೀನಿ. ಗುರ್ತಿದ್ದೋರು ಒಬ್ರೂ ಇಲ್ಲ ಅಲ್ಲಿ.”

ಆಮೇಲೆ ನಾನು ಮೂರ್ಖನ ಹಾಗೆ, ಅಥವಾ ಪ್ರೊಫೆಸರನ ಹಾಗೆ, ದಾರಿ ಹುಡುಕಲು ಹೊರಟೆ. ಗೋರಿ ಬದಲಾಯಿಸಲು ಕಾನೂನಿನಲ್ಲಿ ಅವಕಾಶವಿದೆ, ಹತ್ತಿರದ ಸಂಬಂಧಿಕರು ಅರ್ಜಿ ಹಾಕಿದರೆ ಸಾಕು, ಕಾರಣ ನಾನು ಬರೆದುಕೊಡುತ್ತೇನೆ, ಓಡಾಟ ಎಲ್ಲ ನನ್ನದು, ಅವರನ್ನು ಅವರ ತಂದೆಯ ಪಕ್ಕಕ್ಕೆ ತರೋಣ ಎಂದೆ.

ಅವರು ನನ್ನನ್ನು ನೋಡಿದ ನೋಟ ಸಿಟ್ಟಿನದಾಗಿದ್ದರೆ ಚೆನ್ನಾಗಿತ್ತು.

“ನಿಮ್ಮ ಮಾತು ನಂಬಿ ಒಂದ್ಸಲ ಅಲ್ಲಿಗೆ ಹೋಗಿ ಮಲಗಿದಾರೆ. ಈಗ ಇನ್ನೊಂದ್ಸಲ ನಿಮ್ಮ ಮಾತು ನಂಬಿ ಎಬ್ಬಿಸ್ಲಾ?”

ಬಾಗಿಲ ತನಕ ಬಂದು ಕೋಟು ಕೊಟ್ಟರು. ಅನಾವರಣಕ್ಕೆ ಬರುತ್ತೀರಾ ಎಂದು ಕೇಳಿದೆ. “ನಮ್ಮೂರು ಅದು. ನಾನ್ಯಾಕೆ ಬರ್ಬಾರ್ದು?” ಎಂದರು.

ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಿಕೊಂಡು ಕೂತೆ. ಎನಿಡ್ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್

ಡೊರೀನ್ ಹಬ್ಬದ ಟರ್ಕಿ ಕೋಳಿಯ ಒಂದು ತಟ್ಟೆ ಮನೆಗೇ ತಂದುಕೊಟ್ಟಳು. ಯಾರು ಸತ್ತರು ಎಂದು ಕೇಳಲಿಲ್ಲ. “ಡಾಕ್ಟ್ರೇ, ಮುಖ ಯಾಕೆ ಹೀಗಾಗಿದೆ? ಹುಷಾರಿಲ್ವಾ?” ಎಂದಳು. ಚೆನ್ನಾಗಿದ್ದೇನೆ ಎಂದೆ. ನನಗೆ ಏನೂ ಆಗಿಲ್ಲ, ಕೆಲಸ ಜಾಸ್ತಿ ಅಷ್ಟೇ.

ಮುನ್ನುಡಿ ಮುಗಿಯಿತು. ಹನ್ನೊಂದು ಸಾಲು. ಪುಟ 212ರ ವಾಕ್ಯ ತೆಗೆದು ಅಲ್ಲಿ ಎರಡು ಗಡಿಯಾರದ ಲೆಕ್ಕ ಬರೆದೆ. ಓದಲು ಒಣ ಒಣ. ಥ್ಯಾಡ್ ಓದಿ “ಅಧ್ಯಾಯಕ್ಕೆ ಕೊನೆಯೇ ಇಲ್ಲವಲ್ಲ ಸರ್” ಎಂದ. ಇಲ್ಲ ಎಂದೆ. ಹಾಗೇ ಅಚ್ಚಾಗಲಿ.

ಟ್ರಸ್ಕಾಟರ ಪಾಳಿಪಟ್ಟಿಯನ್ನು ಮತ್ತೆ ನೋಡುತ್ತಿದ್ದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ತಡವಾಗಿ ಬಂದದ್ದು ಒಂದೇ ದಿನ. ಮಗ ಹುಟ್ಟಿದ ದಿನ.

ಡಿಸೆಂಬರ್ 5, ಶನಿವಾರ

ಇವತ್ತಿನದು ಪೂರ್ತಿ ಬರೆದಿಡಬೇಕು.

ಇನ್ನೂರು ಜನ ಸೇರಿದ್ದರು. ಬ್ಯಾಂಡಿನ ಮಕ್ಕಳು ಚಳಿಗೆ ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದರು. ನೈ ಅವರು ಬಟ್ಟೆ ಎಳೆದರು. ಗೋಡೆಯ ಮೇಲೆ ನನ್ನ ವಾಕ್ಯ, ಹೊಸ ಕಂಚು, ಪ್ರತಿ ಅಕ್ಷರವೂ ಹೊಳೆಯುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

ನಾನು ಮೈಕಿನ ಮುಂದೆ ನಿಂತು, ಈ ಫಲಕದಲ್ಲಿರುವುದು ಸುಳ್ಳು ಎಂದೆ. ಬರೆದವನು ನಾನು, ತಪ್ಪು ನನ್ನದು. ಎಬೆನ್ ಟ್ರಸ್ಕಾಟ್ ತಮ್ಮ ಪಾಳಿಯನ್ನು ಕೊನೆಯ ನಿಮಿಷದ ತನಕ ನಿಂತು ಮುಗಿಸಿದವರು. ಗಡಿಯಾರಗಳ ಲೆಕ್ಕ ಹೇಳಿದೆ. ಒಬ್ಬರಿಬ್ಬರು ತಲೆಯಾಡಿಸಿದರು, ಹಿಂದಿನವರಿಗೆ ಕೇಳಿಸಲಿಲ್ಲ, ಒಂದು ಮಗು ಅಳುತ್ತಿತ್ತು. ಮುಗಿಸಿದಾಗ ಮತ್ತೆ ಚಪ್ಪಾಳೆ, ಮೊದಲಿನಷ್ಟೇ. ನೈ ಅವರು ಮೈಕು ತೆಗೆದುಕೊಂಡು “ಇಷ್ಟು ದೊಡ್ಡ ಮನಸ್ಸಿನ ಲೇಖಕರು ನಮ್ಮೂರಿಗೆ ಬಂದದ್ದು ನಮ್ಮ ಭಾಗ್ಯ” ಎಂದರು. ಪತ್ರಿಕೆಯವನೊಬ್ಬ ಬಂದು, ಫಲಕದ ಪಕ್ಕ ನಿಂತು ಸ್ವಲ್ಪ ನಗಿ ಎಂದ.

ಒಳಗೆ, ಹಳೆಯ ಕಾಯುವ ಕೋಣೆಯಲ್ಲಿ, ಪುಸ್ತಕಕ್ಕೆ ರುಜು ಹಾಕಿಸಿಕೊಳ್ಳಲು ಜನ ಸಾಲು ನಿಂತರು. ನಾನು ಪ್ರತಿ ಪುಸ್ತಕದಲ್ಲೂ ಮೊದಲು ಪುಟ 212 ತೆಗೆದು, ಆ ವಾಕ್ಯದ ಮೇಲೆ ಗೀಟು ಎಳೆದು, ಆಮೇಲೆ ರುಜು ಮಾಡಿದೆ. ಮೂರನೆಯವನಿಗೇ ಸಿಟ್ಟು ಬಂತು.

“ಅಲ್ರೀ, ಅದೊಂದೇ ಸಾಲು ಚೆನ್ನಾಗಿತ್ತು! ಪುಸ್ತಕ ಕೆಡಿಸಿಬಿಟ್ರಲ್ಲ!”

“ಕೆಟ್ಟಿದ್ದು ಆವಾಗಲೇ,” ಎಂದೆ. ಕೆಲವರು ಸಾಲಿನಿಂದ ಆಚೆ ಸರಿದರು.

ಕೊನೆಯಲ್ಲಿ ವರ್ನಾ ನಿಂತಿದ್ದರು. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದರು. ಮೊದಲ ಮುದ್ರಣದ ಪ್ರತಿ ಮುಂದಿಟ್ಟರು.

“ನಮ್ಮಪ್ಪಂದು.”

ಪುಟ ಹುಡುಕಬೇಕಾಗಲಿಲ್ಲ, ಪುಸ್ತಕ ತಾನಾಗಿ 212ಕ್ಕೆ ತೆರೆದುಕೊಂಡಿತು. ವಾಕ್ಯದ ಪಕ್ಕದಲ್ಲಿ ಬಡಗಿಯ ದಪ್ಪ ಪೆನ್ಸಿಲಿನಲ್ಲಿ, ಒತ್ತಿ ಒತ್ತಿ ಬರೆದ ಅಕ್ಷರ: “ಅಪ್ಪ ನನಗೆ ಇದನ್ನು ಯಾಕೆ ಹೇಳಲಿಲ್ಲ?”

ನನ್ನ ವಾಕ್ಯದ ಮೇಲೆ ಗೀಟು ಎಳೆದೆ. ಪೆನ್ಸಿಲಿನ ಸಾಲಿನ ಹತ್ತಿರ ಕೈ ನಿಂತಿತು.

“ಅದಕ್ಕೆ ಉತ್ರ ಬರೀರಿ,” ಎಂದರು ವರ್ನಾ.

ಏನು ಬರೆಯಬೇಕು ಎಂದು ಯೋಚಿಸಲಿಲ್ಲ. ಅದರ ಕೆಳಗೆ ಬರೆದೆ: “ಹೇಳುವಂಥದ್ದು ಏನೂ ಇರಲಿಲ್ಲ, ಸರ್.”

ಅವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಶಾಯಿ ಆರಲೆಂದು ಪುಸ್ತಕವನ್ನು ತೆರೆದೇ ಹಿಡಿದುಕೊಂಡಿದ್ದರು.

“ಸರಿಯಾಗಿ ಬರ್ದಿದೀರಿ,” ಎಂದರು. “ಓದ್ಬೇಕಾದೋರೇ ಇಲ್ಲ.”

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಸಾಲಿನಲ್ಲಿ ಮತ್ತೆ ಯಾರೂ ಇರಲಿಲ್ಲ.